ನಮ್ಮ ಕರಡಿ ಅಳಲ್ಲ

ಮೈಕಿನ ಮೂತಿಗೆ ತೊಡಿಸಿದ ಕಪ್ಪು ಸ್ಪಂಜಿನಲ್ಲಿ ಪೆಪ್ಪರ್‌ಮಿಂಟಿನ ವಾಸನೆ, ತನಗಿಂತ ಮೊದಲು ಇಲ್ಲಿ ನಿಂತು ಹೋದವರು ಯಾರೋ ಗಂಟಲು ಸರಿಮಾಡಿಕೊಳ್ಳಲು ಬಾಯಿಗೆ ಹಾಕಿಕೊಂಡಿದ್ದಿರಬೇಕು, ಹಾಕಿಕೊಳ್ಳಲಿ ಪಾಪ, ಎಲ್ಲರಿಗೂ ಇಂಥ ಗಂಟಲು ಎಲ್ಲಿಂದ ಬರಬೇಕು, ಅವಳಿಗೆ ಬೆಳಿಗ್ಗೆ ಒಂದು ಲೋಟ ಬಿಸಿನೀರು ಸಾಕು, ಸಂಜೆಯವರೆಗೂ ದನಿ ಹೇಳಿದ ಮಾತು ಕೇಳುತ್ತದೆ — ಮಂಡಿ ಕೇಳುವುದಿಲ್ಲ, ಸೊಂಟ ಕೇಳುವುದಿಲ್ಲ, ಮಗಳಂತೂ ಹುಟ್ಟಿದಾಗಿನಿಂದ ಕೇಳಿಲ್ಲ, ದನಿ ಮಾತ್ರ ಕೇಳುತ್ತದೆ, ಮೊಮ್ಮಗಳು ಬಂದ ಮೇಲೂ ಅದಕ್ಕೊಂದು ಸುಕ್ಕು ಬಿದ್ದಿಲ್ಲ, ಇದನ್ನು ಜಂಭ ಅನ್ನುವವರು ಅನ್ನಲಿ. ಗಾಜಿನ ಆಚೆ ರೆಕಾರ್ಡಿಂಗಿನವನು ಹೆಡ್‌ಫೋನನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾನೆ, ಅವನ ಪಕ್ಕದಲ್ಲಿ ಮೊಬೈಲ್ ಆಟದ ಕಂಪನಿಯ ಮೇಡಂ, ಮೇಡಂ ಮುಂದೆ ಒಂದು ಬಟನ್, ಅದನ್ನು ಒತ್ತಿ ಮಾತಾಡಿದರೆ ಆ ಮಾತು ನೇರ ಇವಳ ಕಿವಿಯೊಳಗೆ. ಒತ್ತಿದರು. ಚೆನ್ನಾಗಿದೆ ಅಮ್ಮ, ಆದ್ರೆ ಸ್ವಲ್ಪ ಗದರಿದ ಹಾಗೆ ಕೇಳ್ತಿದೆ, ಕರಡಿ ಅಳ್ಬೇಕು, ಇನ್ನೊಂದು ಟೇಕ್ ತಗೊಳ್ಳೋಣ್ವಾ. ಗದರಿದ ಹಾಗೆ, ಅದಕ್ಕೆ ಮುಂಚೆ ಖುಷಿಯಾಗಿರುವ ಹಾಗೆ, ಅದಕ್ಕೂ ಮುಂಚೆ ನೆಗಡಿಯಾದ ಹಾಗೆ, ಬೆಳಿಗ್ಗೆಯಿಂದ ಎಷ್ಟು ಮಾತು ಹೇಳಿದ್ದಾಳೆ, ಬಣ್ಣಗಳು, ಹಣ್ಣುಗಳು, ಎಡ ಬಲ, ಕರಡಿಯ ಸೀನು, ಕರಡಿಯ ಆಕಳಿಕೆ, ಎಲ್ಲವೂ ಒಂದೇ ಏಟಿಗೆ, ಆಕಳಿಕೆ ಕೇಳಿ ರೆಕಾರ್ಡಿಂಗಿನವನೇ ಬಾಯಿ ತೆರೆದು ಆಕಳಿಸಿಬಿಟ್ಟ, ಈಗ ಈ ಒಂದು ಸಾಲು ಮಾತ್ರ ಕಾಲು ಚಾಚಿ ಕೂತಿದೆ, ಏಳುತ್ತಿಲ್ಲ. ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯಾ. ಇಷ್ಟೇ, ಆಮೇಲೆ ಒಂದು ಬಿಕ್ಕು. ಮಗು ಆಟ ಮುಚ್ಚಲು ಮೂಲೆಯ ಗುಣಾಕಾರದ ಗುರುತಿನ ಹತ್ತಿರ ಬೆರಳು ತಂದಾಗ ಕರಡಿಮರಿಯ ಕಣ್ಣಲ್ಲಿ ನೀರು ತುಂಬಬೇಕು, ಅದು ಹೀಗೆ ಹೇಳಬೇಕು. ಬೆರಳು — ಮೊಮ್ಮಗಳ ನೀಲಿ ಉಗುರಿನ ಬೆರಳು, ನಿನ್ನೆಯ ಆ ಬೆರಳು, ಅಲ್ಲ, ಈಗ ಬೇಡ, ಈಗ ಸಾಲು. ಮಕ್ಕಳು ಬೇಗ ಆಟ ಮುಚ್ಚಿ ಎದ್ದುಹೋಗುತ್ತಿದ್ದಾರಂತೆ, ಇನ್ಯಾವುದೋ ಕಂಪನಿಯ ಆಟದಲ್ಲಿ ಒಂದು ಮೊಲವಿದೆಯಂತೆ, ಹೊರಟವರನ್ನು ಕಂಡರೆ ಅಳುತ್ತದಂತೆ, ಆ ಮೊಲವನ್ನು ಬಿಟ್ಟು ಮಕ್ಕಳು ಅಲ್ಲಾಡುವುದಿಲ್ಲವಂತೆ. ಹೇಳುವಾಗ ಮೇಡಂ ಮುಖವೂ ಬಾಡಿತ್ತು, ಕೆಟ್ಟವರಲ್ಲ, ತಾವೇ ಎದ್ದು ಬಿಸಿನೀರು ತಂದುಕೊಡುತ್ತಾರೆ, ಏನು ಮಾಡೋದಮ್ಮ, ನಮ್ಮ ಕರಡಿಗೆ ಹಿಡಿದಿಟ್ಕೊಳ್ಳೋಕೆ ಬರಲ್ಲ ಅಂತಿದ್ದಾರೆ ಮೇಲಿನವರು.

ಹಿಡಿದಿಟ್ಟುಕೊಳ್ಳಲು ಬರುವುದಿಲ್ಲವಂತೆ, ಕೇಳಿ, ಈ ದನಿಗೆ. ಬಸ್ ನಿಲ್ದಾಣವನ್ನೇ ಹಿಡಿದಿಟ್ಟ ದನಿ ಇದು, ಮೇಲ್ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಪ್ರಯಾಣಿಕರ ಗಮನಕ್ಕೆ ಎಂದರೆ ಸಾಕು, ಕೆಳಗೆ ಗದ್ದಲ ತಣ್ಣಗಾಗುತ್ತಿತ್ತು, ಅವಳ ಮುಖ ಕಂಡವರಿಲ್ಲ, ದನಿ ಕೇಳದವರಿಲ್ಲ, ತರಕಾರಿ ಅಂಗಡಿಯಲ್ಲಿ ಅರ್ಧ ಕಿಲೋ ಕ್ಯಾರೆಟ್ ಅಂದರೆ ಪಕ್ಕದವರು ತಿರುಗಿ ನೋಡುತ್ತಿದ್ದರು, ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು, ಆಗ ಚೀಲ ಹಿಡಿದುಕೊಂಡು ರಾಣಿಯ ಹಾಗೆ ನಡೆದು ಬರುತ್ತಿದ್ದಳು. ಒಂದು ಸಲ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು, ಜನ ಕೂಗಾಡುತ್ತಿದ್ದರು, ನಿಲ್ದಾಣದ ಮ್ಯಾನೇಜರು ಮೇಲೆ ಓಡಿಬಂದು, ಇನ್ನೇನು ಬಂದುಬಿಡುತ್ತೆ ಅಂತ ಹೇಳಿಬಿಡಿ ತಾಯಿ, ನಿಮ್ಮ ದನಿ ಕೇಳಿದ್ರೆ ನಂಬ್ತಾರೆ ಅಂದರು. ನಂಬುತ್ತಾರೆ ಎಂಬುದಕ್ಕೇ ಅವಳು ಹೇಳಲಿಲ್ಲ. ಬಸ್ಸು ಕೆಟ್ಟಿದೆ, ಇವತ್ತು ಬರುವುದಿಲ್ಲ, ಮನೆಗೆ ಹೋಗುವವರು ಹೋಗಬಹುದು ಎಂದು ಮೈಕಿನಲ್ಲಿ ಹೇಳಿದಳು, ಜನ ಗೊಣಗಿಕೊಂಡು ಗಂಟುಮೂಟೆ ಎತ್ತಿಕೊಂಡರು, ಮ್ಯಾನೇಜರು ಬಹಳ ದಿನ ಮುಖ ಊದಿಸಿಕೊಂಡಿದ್ದರು, ಊದಿಸಿಕೊಳ್ಳಲಿ, ಬಾರದ ಬಸ್ಸನ್ನು ಬಂತು ಅಂದ ದನಿಯಲ್ಲ ಇದು. ಆಮೇಲೆ ಆ ಕೋಣೆಗೆ ತಾನೇ ಕೂಗಿ ಹೇಳುವ ಯಂತ್ರ ಬಂತು, ಅವಳು ಮನೆಗೆ ಬಂದಳು, ಗೋಡೆ ನೋಡಿಕೊಂಡು ಕೂತಿದ್ದವಳನ್ನು ಈ ಕರಡಿ ಕೈಹಿಡಿದು ಎಬ್ಬಿಸಿತು. ಕಂದು ಕೋಟಿನ ಬೆಪ್ಪು ಕರಡಿಮರಿ, ಮೂರು ನಾಲ್ಕು ವರ್ಷದ ಮಕ್ಕಳು ಅದರ ಕೋಟಿಗೆ ಗುಂಡಿ ಹಾಕಬೇಕು, ಹಲ್ಲುಜ್ಜಿಸಬೇಕು, ಹಣ್ಣು ಎಣಿಸಿ ಬಾಯಿಗಿಡಬೇಕು, ಸರಿಯಾದರೆ ಮೇಲಿನಿಂದ ನಕ್ಷತ್ರ ಉದುರುತ್ತವೆ, ಭೇಷ್ ಮರಿ ಅನ್ನುತ್ತಾಳೆ ಅವಳು. ತಪ್ಪಾದರೆ ಟುಸ್ ಎಂದು ಶಬ್ದ ಮಾಡಿ ಎಂದಿದ್ದರು ಮೊದಮೊದಲು. ತಪ್ಪು ಮಾಡಿದ ಮಗುವಿನ ಮುಖಕ್ಕೆ ಟುಸ್ ಅನ್ನುವುದೇ, ಅವಳು ಪಟ್ಟು ಹಿಡಿದು ಕೂತಳು, ಕೊನೆಗೆ ಮೈಕಿನ ಮುಂದೆ ತಾನಾಗಿ ಬಾಯಿಗೆ ಬಂದದ್ದು, ಹ್ಞೂಂ, ಇನ್ನೊಂದ್ ಸಲ ನೋಡೋಣ. ಈ ಮಾತು ತನ್ನದು, ಯಾರೂ ಬರೆದುಕೊಟ್ಟದ್ದಲ್ಲ. ಕೆಳಗಿನ ಅಂಗಡಿಯ ದರ್ಜಿಯ ಮಗಳಿಗೆ ಮಾತು ತಡವರಿಸುತ್ತದೆ, ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಒದ್ದಾಡುತ್ತದೆ ಮಗು, ದೊಡ್ಡವರು ಅವಸರದಲ್ಲಿ ತಾವೇ ಮುಗಿಸಿಕೊಟ್ಟುಬಿಡುತ್ತಾರೆ, ಕರಡಿ ಮಾತ್ರ ಕಾಯುತ್ತದೆ, ಕರಡಿಗೇನು ಒಲೆಯ ಮೇಲೆ ಹಾಲಿಟ್ಟಿದೆಯೇ. ಒಂದು ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಪರದೆಯ ಹಿಂದಿನಿಂದ ಕೇಳಿತು, ಇನ್ನೊಂದ್ ಸಲ ನೋಡೋಣ, ತನ್ನದೇ ದನಿ, ಅದರ ಹಿಂದೆಯೇ ಇನ್ನೊಂದು ಸಣ್ಣ ದನಿ, ಇನ್ನೊಂದ್ ಸಲ ನೋಡೋಣ, ಎಲ್ಲೂ ತಡೆಯದೆ, ನೀರು ಹರಿದ ಹಾಗೆ, ಹೊಲಿಗೆ ಯಂತ್ರ ನಿಂತಿತ್ತು, ದರ್ಜಿ ಕೈಯಲ್ಲಿ ಬಟ್ಟೆ ಹಿಡಿದು ಸುಮ್ಮನೆ ಕೂತಿದ್ದ, ಅವಳು ಅಲ್ಲೇ ಕಂಬಿ ಹಿಡಿದು ನಿಂತಳು, ಎದೆ ತುಂಬಿ ಬಂದು ಹೋಗಬೇಕಾದ ಕೆಲಸ ಮರೆತೇಹೋಯಿತು.

ಮಗಳು ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ನೋಡಿ ಬರುವವಳು, ಅಷ್ಟಷ್ಟು ಚಿಕ್ಕ ಮಕ್ಕಳಿಗೆ ಸೋಡಾಬುಡ್ಡಿ ಹಾಕಿಸುವವಳು, ಮನೆಗೆ ಬಂದರೆ ಮಗಳು ಚೂಟಿ ಮಂಚದ ಮೇಲೆ ಫೋನಿಗೆ ಮೂಗು ತಾಗಿಸಿ ಕೂತಿರುತ್ತಾಳೆ, ಅಮ್ಮ, ನಿನ್ನ ಕರಡಿ ನನ್ನ ಮಗಳನ್ನ ತಿಂದ್ಕೊಂಡ್ಬಿಡುತ್ತೆ ನೋಡ್ತಿರು ಅನ್ನುತ್ತಾಳೆ. ಚೂಟಿ ಎಂದು ಹೆಸರಿಟ್ಟವಳು ಅಜ್ಜಿಯೇ, ಹುಟ್ಟಿದ ವಾರಕ್ಕೇ ಕಣ್ಣು ಪಿಳಿಪಿಳಿ ಬಿಟ್ಟು ದನಿ ಬಂದ ಕಡೆ ಕತ್ತು ತಿರುಗಿಸಿದ್ದಕ್ಕೆ. ತಿಂದುಕೊಳ್ಳುತ್ತದೆ ಎಂದಾಗ ನಗು ಬಂದಿತ್ತು, ಆಮೇಲೆ ಮೊನ್ನೆ ನಗು ಬರಲಿಲ್ಲ, ಮೊನ್ನೆ ಚೂಟಿ ಮೊದಲ ಸಲ ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡಳು, ಕರಡಿಗೆ ಹಾಕಿ ಹಾಕಿ ಕಲಿತದ್ದು, ನಾಲಿಗೆ ಹಲ್ಲಿನ ನಡುವೆ ಕಚ್ಚಿ ಹಿಡಿದು ಒಂದೊಂದನ್ನೂ ತೂರಿಸಿದಳು, ಕೊನೆಯದು ಕೂತ ಮೇಲೆ ತಲೆ ಎತ್ತಿ ಸೂರು ನೋಡಿದಳು. ಏನು ಚಿನ್ನ ಅಂದರೂ ನೋಡುತ್ತಲೇ ಇದ್ದಾಳೆ, ನಕ್ಷತ್ರ ಉದುರಲಿ ಎಂದು. ಅಜ್ಜಿ ಕರಡಿಯ ದನಿ ತೆಗೆದು ಭೇಷ್ ಮರಿ ಅಂದಳು. ನೀನು ಹೇಳಿದ್ರೆ ನಕ್ಷತ್ರ ಬೀಳಲ್ಲ ಅಜ್ಜಿ. ಅಂದರೆ ಎಲ್ಲವನ್ನೂ ಕೊಟ್ಟು ಎಲ್ಲೋ ಒಂದಿಷ್ಟು ಕಿತ್ತುಕೊಳ್ಳುತ್ತದೆ ಈ ಕರಡಿ, ಗುಂಡಿ ಹಾಕುವುದನ್ನು ಕೊಟ್ಟಿತು, ಹಾಕಿದ ಖುಷಿಗೆ ಬೀಗ ಹಾಕಿ ಕೀಲಿಕೈ ತಾನಿಟ್ಟುಕೊಂಡಿತು. ಇದನ್ನು ಮಗಳಿಗೆ ಹೇಳಲಿಲ್ಲ, ಹೇಳಿದರೆ ಅವಳು ಗೆದ್ದುಬಿಡುತ್ತಾಳೆ. ಆದರೆ ಒಂದಿತ್ತು, ಒಂದು ನೆಮ್ಮದಿ, ಸ್ನಾನಕ್ಕೆ ಕರೆದರೆ ಚೂಟಿ ಏಳುತ್ತಾಳೆ, ಕರಡಿಗೆ ಟಾಟಾ ಮಾಡಿ ಮೂಲೆಯ ಗುರುತು ಒತ್ತುತ್ತಾಳೆ, ಕರಡಿಯೂ ಕೈ ಬೀಸುತ್ತದೆ, ಫೋನು ಕತ್ತಲಾಗುತ್ತದೆ, ಮುಗಿಯಿತು, ರಂಪವಿಲ್ಲ, ಕೂಗಾಟವಿಲ್ಲ. ನಿನ್ನೆಯವರೆಗೆ. ನಿನ್ನೆ ಮೇಡಂ ಹೊಸ ಆಟವನ್ನು ಅಜ್ಜಿಯ ಫೋನಿಗೆ ಹಾಕಿಕೊಟ್ಟಿದ್ದರು, ಅಳುವ ಸಾಲನ್ನು ಸದ್ಯಕ್ಕೆ ನಾನೇ ಹೇಳಿದ್ದೀನಿ ಅಮ್ಮ, ನಾಳೆ ನಿಮ್ಮದು ಹಾಕೋಣ, ಮೊಮ್ಮಗಳು ಏನ್ ಮಾಡ್ತಾಳೆ ನೋಡಿ ಹೇಳಿ. ಬಚ್ಚಲಿನಿಂದ ಮಗಳು ಕರೆದಳು, ನೀರು ಆರುತ್ತೆ ಬಾರೇ. ಚೂಟಿ ಬೆರಳೆತ್ತಿದಳು, ಕರಡಿಯ ಕೋಟಿನ ಗುಂಡಿ ನೀಲಿ ಎಂದು ಅವಳೂ ಉಗುರಿಗೆ ನೀಲಿ ಸ್ಕೆಚ್‌ಪೆನ್ನು ಬಳಿದುಕೊಂಡಿದ್ದಳು, ಆ ಬೆರಳು ಗುರುತಿನ ಹತ್ತಿರ ಹೋಯಿತು, ಕರಡಿಯ ಕಣ್ಣು ತುಂಬಿತು, ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯಾ. ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು. ನೀಲಿ ಉಗುರು, ಕೆಳಗೆ ಅಳುವ ಕರಡಿ, ಬೆರಳು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಸಣ್ಣಗೆ ನಡುಗುತ್ತಿದೆ, ಬಚ್ಚಲಿನಿಂದ ಮತ್ತೆ ಕರೆ, ಕೆಳದುಟಿ ಮುಂದೆ ಬಂತು, ಬಾಗಿಲಲ್ಲಿ ನಿಂತ ಅಜ್ಜಿ ಉಸಿರು ಬಿಗಿಹಿಡಿದಳು. ಚೂಟಿ ಫೋನಿಗೆ ಕಿವಿಯಿಟ್ಟಳು. ಕರಡಿ ಇನ್ನೊಮ್ಮೆ ಅತ್ತಿತು. ಆಗ ಅವಳ ಹುಬ್ಬು ಗಂಟಿಕ್ಕಿತು, ಇದು ನಮ್ಮ ಕರಡಿ ಅಲ್ಲ, ನಮ್ಮ ಕರಡಿ ಅಳಲ್ಲ, ಯಾರೋ ಒಳಗೆ ಬಂದು ಕೂತಿದ್ದಾರೆ, ಅಂದವಳೇ ಟಪ್ ಎಂದು ಒತ್ತಿ ಬಚ್ಚಲಿಗೆ ಓಡಿದಳು.

ಎಂಥ ಕಿವಿ, ಎಂಥ ಕಿವಿ ಮಗುವಿಗೆ, ಅಡುಗೆಮನೆಗೂ ಬಚ್ಚಲಿಗೂ ನಡುವೆ ಎಷ್ಟು ಸಲ ಓಡಾಡಿದಳೋ ನಿನ್ನೆ, ಮಗಳಿಗೆ ಹೇಳಿದ್ದನ್ನೇ ಮತ್ತೆ ಹೇಳಿದಳು, ತಲೆ ಒರೆಸುತ್ತಿದ್ದ ಮಗಳೂ ಕೈ ನಿಲ್ಲಿಸಿ, ಕಿವಿ ನಿಂದೇ ಬಂದಿದೆ ಕಣಮ್ಮ ಎಂದಳು, ಅವಳ ಬಾಯಿಂದ ಅಂಥ ಮಾತು, ರಾತ್ರಿ ಮಲಗಿದರೂ ತುಟಿಯ ಮೇಲಿನ ನಗು ಮಲಗಲಿಲ್ಲ. ಆಟ ಏನು ಕಿತ್ತುಕೊಂಡರೂ ಇದನ್ನು ಕಿತ್ತುಕೊಂಡಿಲ್ಲ, ನಿಜದ ದನಿ ಯಾವುದು, ನಟಿಸುವ ದನಿ ಯಾವುದು ಎಂದು ಅವಳಿಗೆ ಗೊತ್ತು — ಗೊತ್ತೇ. ಈಗ ಈ ಸ್ಪಂಜು ಹೊದಿಸಿದ ಗೋಡೆಗಳ ನಡುವೆ, ತನ್ನ ಉಸಿರೇ ತನಗೆ ಕೇಳುವ ಇಲ್ಲಿ, ಅಮ್ಮ ರೆಡಿನಾ ಎಂದು ಮೇಡಂ ಕೇಳುತ್ತಿರುವಾಗ, ನಿನ್ನೆಯ ಹಿಗ್ಗಿನ ಬುಡ ಕಾಣುತ್ತಿದೆ. ಗೊತ್ತಾದದ್ದು ಮೇಡಂ ದನಿಯಾದ್ದರಿಂದ. ಯಾರೋ ಒಳಗೆ ಬಂದು ಕೂತಿದ್ದರಿಂದ. ನಾಳೆ ಒಳಗೆ ಕೂತು ಅಳುವವಳು ಅಜ್ಜಿಯೇ ಆದರೆ. ಹುಟ್ಟಿದ ವಾರಕ್ಕೇ ಯಾವ ದನಿಗೆ ಕತ್ತು ತಿರುಗಿಸಿದಳೋ ಆ ದನಿ, ಇನ್ನೊಂದ್ ಸಲ ನೋಡೋಣ ಎಂದು ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ದನಿ, ನನ್ನೊಬ್ಬನ್ನೇ ಬಿಟ್ಟು ಹೋಗ್ತೀಯಾ ಎಂದರೆ ಆ ಬೆರಳು ಇಳಿದೀತೇ, ನಿಂತಲ್ಲೇ ನಿಲ್ಲುತ್ತದೆ, ನೀರು ಆರುತ್ತದೆ, ಮಗಳು ಕರೆದು ಕರೆದು ಸೋಲುತ್ತಾಳೆ, ಕೆಳಗಿನ ಅಂಗಡಿಯ ಪರದೆಯ ಹಿಂದೆ ಇನ್ನೊಂದು ಬೆರಳು, ಕಂಡು ಕೇಳರಿಯದ ಮನೆಗಳಲ್ಲಿ ಎಷ್ಟೋ ಪುಟ್ಟ ಬೆರಳುಗಳು, ಎಲ್ಲವೂ ಗಾಳಿಯಲ್ಲಿ. ಅಳಲು ಬರುವುದಿಲ್ಲವೆಂದಲ್ಲ ಮೇಡಂ, ಬರುತ್ತದೆ, ಕಲ್ಲೂ ಕರಗುವ ಹಾಗೆ ಅಳಬಲ್ಲೆ, ಬಂದರೆ ಎಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರುವುದಕ್ಕೇ ಗಂಟಲು ಬೆಳಿಗ್ಗೆಯಿಂದ ಹಟ ಹಿಡಿದಿದೆ, ಒಡತಿಗಿಂತ ಮೊದಲು ಅದಕ್ಕೆ ತಿಳಿಯಿತು, ಭಲೇ ಗಂಟಲೇ. ನಂಬುತ್ತಾರೆ ತಾಯಿ ಎಂದಿದ್ದರು ಮ್ಯಾನೇಜರು, ಹೌದು, ನಂಬುತ್ತಾರೆ. ಬೇರೆ ಯಾರನ್ನಾದರೂ ಕರೆಸಿ ಅಳಿಸಿಕೊಳ್ಳಲಿ, ಕರಡಿಯನ್ನೇ ಬೇರೆಯವರಿಗೆ ಕೊಟ್ಟುಬಿಡಲಿ, ಆ ಮಾತು ನೆನೆದರೆ ಎದೆ ಚುಳ್ ಅನ್ನುತ್ತದೆ, ಮತ್ತೆ ಗೋಡೆ ನೋಡಿಕೊಂಡು ಕೂರಬೇಕಾದೀತು, ಆದರೂ ಚೂಟಿ ಕಿವಿಯಿಟ್ಟು ಕೇಳುತ್ತಾಳೆ, ಹುಬ್ಬು ಗಂಟಿಕ್ಕುತ್ತಾಳೆ, ಇದು ನಮ್ಮ ಕರಡಿ ಅಲ್ಲ ಅನ್ನುತ್ತಾಳೆ, ಅಷ್ಟು ಸಾಕು. ರೆಕಾರ್ಡಿಂಗಿನವನು ಕೈಯೆತ್ತಿದ, ಕೆಂಪು ದೀಪ ಹತ್ತಿತು, ಅವಳು ಬೆನ್ನು ನೆಟ್ಟಗೆ ಮಾಡಿದಳು, ಸ್ಪಂಜಿನಲ್ಲಿ ಪೆಪ್ಪರ್‌ಮಿಂಟು, ಕರಡಿಯ ದನಿ ಕರೆಯದೆಯೇ ಬಂತು, ದುಂಡಗೆ, ಬೆಚ್ಚಗೆ, ಎಲ್ಲೂ ಒದ್ದೆಯಿಲ್ಲದೆ, ಆಯ್ತು ಮರಿ, ಹೋಗಿ ಬಾ, ನೀರು ಆರುತ್ತೆ. ಒಂದೇ ಟೇಕ್. ರೆಕಾರ್ಡಿಂಗಿನವನು ಎರಡನೆಯ ಕಿವಿಗೂ ಹೆಡ್‌ಫೋನ್ ಎಳೆದುಕೊಂಡಿದ್ದಾನೆ, ದೀಪ ಆರಿಸಿಲ್ಲ, ಮೇಡಂ ಬೆರಳು ಆ ಬಟನ್ನಿನ ಮೇಲೆ ಬಂದು ನಿಂತಿದೆ, ಒತ್ತುತ್ತಿಲ್ಲ, ಒತ್ತಲಿ, ಒತ್ತಿ ಏನು ಬೇಕಾದರೂ ಹೇಳಲಿ, ಅವಳು ಆ ಬೆರಳನ್ನೇ ನೋಡುತ್ತಿದ್ದಾಳೆ, ಗಾಜಿನ ಮೇಲೆ ಕೆಂಪು ದೀಪದ ಪ್ರತಿಬಿಂಬ, ಬೆರಳು, ಇನ್ನೊಂದು ಬೆರಳು, ನೀಲಿ ಉಗುರಿನದು, ನಡುಗದೆ, ನೆಟ್ಟಗೆ ಕೆಳಗಿಳಿಯುತ್ತಿರುವ ಆ ನೀಲಿ ಉಗುರಿನ ಬೆರಳು