ಬೆಂಕಿ ಕಾಯಿಸಿಕೊಂಡ ಶಾಫ್ಟ್

ಚಿಂತಾಮಣಿಯಲ್ಲಿ ಚಲಪತಿಯಷ್ಟು ಜಂಬದ ಲೇತ್ ಕೆಲಸಗಾರ ಇನ್ನೊಬ್ಬನಿರಲಿಲ್ಲ. ಜಂಬಕ್ಕೆ ತಕ್ಕ ಕೈಯೂ ಇತ್ತೆನ್ನಿ. ಬೆಂಗಳೂರಿನ ಕಾರ್ಖಾನೆ ಬಿಟ್ಟು ಬಂದು ಸಂತೆಬೀದಿಯಲ್ಲಿ ಕಬ್ಬಿಣ ತಿರುಗಿಸಿ ಕೆರೆಯುವ ಸ್ವಂತ ಲೇತ್ ಹಾಕಿ ವರ್ಷವಿನ್ನೂ ತುಂಬಿರಲಿಲ್ಲ. ಊರಿನ ದೊಡ್ಡ ಗಿರಾಕಿ, ಕಡಲೆಕಾಯಿ ಎಣ್ಣೆ ಮಿಲ್ಲಿನ ಬಯ್ಯಪ್ಪ, ಅವನ ಬಾಗಿಲಿಗೆ ಬಂದದ್ದು ಇದೇ ಮೊದಲು. ಬೇರೊಬ್ಬ ಮಾಡಿಕೊಟ್ಟ ಶಾಫ್ಟಿನ ಮೇಲೆ ಬೇರಿಂಗ್ ಸಡಿಲವಾಗಿ, ಸುಗ್ಗಿಯಲ್ಲೇ ಮಿಲ್ಲು ನಿಂತಿತ್ತು.

“ಇದೊಂದು ಬಿಗಿಯಾಗಿ ಕೂತ್ರೆ ಮಿಲ್ಲಿನ ಕೆಲಸವೆಲ್ಲ ನಿಂದೇ ಕಣಪ್ಪ. ಇಲ್ದಿದ್ರೆ ಈ ಕಡೆ ತಲೆ ಹಾಕೀನೂ ಮಲಗಲ್ಲ,” ಎಂದಿದ್ದರು ಬಯ್ಯಪ್ಪ.

ಧನುರ್ಮಾಸದ ಬೆಳಗು. ಎದುರಿನ ಹೋಟೆಲು ಕಾಣದಷ್ಟು ಮಂಜು. ಶಾಫ್ಟಿನ ಒರಟು ಕೆಲಸ ಹಿಂದಿನ ದಿನವೇ ಮುಗಿದು, ಕೊನೆಯದಾಗಿ ಕೂದಲೆಳೆಯಷ್ಟು ಕೆರೆಯುವುದು ಬಾಕಿಯಿತ್ತು. ಚಲಪತಿ ಲೇತನ್ನು ಬರಿದೇ ತಿರುಗಲು ಬಿಟ್ಟು ಬೀಡಿ ಹಚ್ಚಿದ.

“ಏಮಯ್ಯಾ, ಕೆಲಸ ಇಲ್ದೆ ಸುಮ್ನೆ ತಿರುಗಿಸ್ತಿದೀಯ?” ಎಂದರು ಬೆಳಗ್ಗೆಯೇ ಬಂದು ಕೂತಿದ್ದ ಬಯ್ಯಪ್ಪ.

“ಚಳೀಗೆ ಒಳಗಿನ ಎಣ್ಣೆ ಗಟ್ಟಿಯಾಗಿರುತ್ತೆ ಸಾಹುಕಾರ್ರೇ. ಮಿಷನ್ ಮೈ ಬೆಚ್ಚಗಾಗೋವರ್ಗೂ ಅದು ತೋರಿಸೋ ಅಳತೆ ನಂಬಬಾರ್ದು.”

ಬಯ್ಯಪ್ಪ ಗೊಣಗುತ್ತ ಹೊರಗೆ ಹೋದರು. ಬೀದಿಯಲ್ಲಿ ಗಾಡಿಯವರು ಬೆಂಕಿ ಹಾಕಿಕೊಂಡು ಕೂತಿದ್ದರು. ಮಿಷನ್ನಿಗೇ ಶಾಖ ಬೇಕಾದರೆ ಶಾಫ್ಟಿಗೆ ಬೇಡವೇ? ಬಾಗಿಲಲ್ಲಿದ್ದ ಶಾಫ್ಟನ್ನು ತಾವೇ ಎತ್ತಿಕೊಂಡು ಹೋಗಿ, ಬಾಣಂತಿಗೆ ಮಾಡುವಷ್ಟು ಅಕ್ಕರೆಯಿಂದ ಬೆಂಕಿಗೆ ತಿರುಗಿಸಿ ತಿರುಗಿಸಿ ಕಾಯಿಸಿ, ಮೊದಲಿದ್ದ ಜಾಗದಲ್ಲೇ ತಂದಿಟ್ಟರು.

ಎಣ್ಣೆಬಟ್ಟೆಯಲ್ಲಿ ಹಿಡಿದೆತ್ತಿದ ಚಲಪತಿಗೆ ಬಿಸಿ ತಿಳಿಯಲಿಲ್ಲ. ಲೇತಿಗೆ ಕೂರಿಸಿದ, ಅಳೆದ, ಟೂಲನ್ನು ಹತ್ತಿರ ತಂದ. ಗಾಡಿಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಅಭ್ಯಾಸಬಲದಿಂದ ಬರಿಗೈಯಲ್ಲಿ ಒಮ್ಮೆ ಶಾಫ್ಟನ್ನು ಸವರಿದ. ಕೈ ಚುರುಕ್ಕೆಂದಿತು. ಬಿಸಿಗೆ ಕಬ್ಬಿಣ ಹಿಗ್ಗಿದೆ. ಈಗ ಕೆರೆದರೆ ಆರಿದ ಮೇಲೆ ಕುಗ್ಗಿ ಬೇರಿಂಗ್ ಮತ್ತೆ ಸಡಿಲ. ಲೇತ್ ನಿಲ್ಲಿಸಿದ.

“ಇನ್ನೂ ಸ್ವಲ್ಪ ಕಾಯ್ಬೇಕು ಸಾಹುಕಾರ್ರೇ.”

“ಮತ್ತೆ ಕಾಯೋದಾ? ಕೈ ನಡುಗ್ತಿದೆ ಅಂತ ಹೇಳೋ ಮಾರಾಯ! ಬೆಂಗಳೂರಲ್ಲಿ ಕಸ ಗುಡಿಸ್ತಿದ್ದೆಯೋ ಏನೋ!”

ಗಾಡಿಯವರು ಹೋ ಎಂದು ನಕ್ಕರು. ಚಲಪತಿಗೆ ಮೈಯೆಲ್ಲ ಉರಿಯಿತು. ಬಯ್ಯಪ್ಪನವರ ಅಂಗೈಗೆ ಮೆತ್ತಿದ್ದ ಬೂದಿ ಅವನ ಕಣ್ಣಿಗೆ ಬಿದ್ದಿತ್ತು. ಒಂದೇ ಮಾತು ಸಾಕಿತ್ತು, ನಗು ಅತ್ತ ತಿರುಗುತ್ತಿತ್ತು. ಆದರೆ ತಂದೆಯ ವಯಸ್ಸಿನವರು, ನಾಲ್ಕು ಜನರೆದುರು. ಆ ಮಾತು ನುಂಗಿಕೊಂಡು ಶಾಫ್ಟನ್ನು ಆರಲು ಬಿಟ್ಟ.

ಶಾಫ್ಟ್ ತಣ್ಣಗಾದ ಮೇಲೆ ಮತ್ತೆ ಅಳೆದು ಕೆರೆದ. ಬೇರಿಂಗ್ ಇಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಬಿಗಿಯಾಗಿ ಸರಿದು ಹೋಗಿ ಕೂತಿತು. ಬಯ್ಯಪ್ಪ ಎರಡೂ ಕೈಯಲ್ಲಿ ಜಗ್ಗಿ ನೋಡಿದರು, ಜಪ್ಪಯ್ಯ ಎನ್ನಲಿಲ್ಲ.

ಅವರ ಹತ್ತಿರ ಬಗ್ಗಿ ಚಲಪತಿ ಮೆಲ್ಲಗೆ ಹೇಳಿದ: “ಇನ್ಮೇಲೆ ಬೆಂಕಿ ಹತ್ರ ನೀವೊಬ್ರೇ ಕೂತ್ಕೊಳಿ. ಶಾಫ್ಟನ್ನ ಕೂರಿಸ್ಬೇಡಿ.”

ಬಯ್ಯಪ್ಪ ತಮ್ಮ ಅಂಗೈ ನೋಡಿಕೊಂಡರು. ಮುಖ ಸಣ್ಣದಾಯಿತು. ಊರಲ್ಲಿ ಯಾರೆದುರೂ ತಪ್ಪಾಯಿತು ಎಂದವರಲ್ಲ ಅವರು. ಬಾಗಿಲಿಗೆ ಹೋಗಿ ಗಂಟಲೆತ್ತಿದರು.

“ಕೇಳ್ರಪ್ಪಾ, ಶಾಫ್ಟ್ ಕಾಯಿಸಿ ಕೆಡಿಸೋಕ್ ಹೋದೋನು ನಾನು. ಗೊತ್ತಿದ್ದೂ ಈ ಹುಡುಗ ನನ್ನ ಮಾನ ಕಾಪಾಡಿ, ತಾನು ಬೈಸ್ಕೊಂಡ. ಇವತ್ತಿಂದ ಮಿಲ್ಲಿನ ಒಂದೊಂದ್ ಕಬ್ಬಿಣಾನೂ ಇಲ್ಲಿಗೇ ಬರ್ತದೆ.”

ಅಷ್ಟು ಜಂಬದ ಚಲಪತಿಗೆ ಕಣ್ಣು ತುಂಬಿ ಬಂತು, ಎಣ್ಣೆಬಟ್ಟೆಯಲ್ಲೇ ಒರೆಸಿಕೊಂಡ.