ಗಾಳಿ ಬಾರದ ಮೂಲೆ

ರಾಮಲಿಂಗಂ ಅವರ ದೇಹವಿದ್ದ ಐಸ್ ಪೆಟ್ಟಿಗೆಯ ಮೇಲೆ ಮಾಲೆಯಿಟ್ಟ ಆ ಹೆಂಗಸು ಅವರ ಕಾಲಿನ ಕಡೆ ಕುಸಿದು ಕೂತು ಬಿಕ್ಕಿದಾಗ, ಪೀಳಮೇಡಿನ ಆ ಪುಟ್ಟ ಮನೆಯಲ್ಲಿ ಉಳಿದವರ ಅಳು ಗಕ್ಕನೆ ನಿಂತಿತು.

“ಯಾರು ಇವ್ಳು? ನಮ್ಮ ಸೊಂದಕಾರರಲ್ಲಿ, ನೆಂಟರಲ್ಲಿ ನೋಡೇ ಇಲ್ವೇ!” ರಾಮಾತಾಳ್ ಅತ್ತೆ ರಾಮಲಿಂಗಂ ಅವರ ಮಗಳು ಕಲೈಸೆಲ್ವಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ಕಲೈಸೆಲ್ವಿಗೂ ತಿಳಿಯದು. ಅಪ್ಪನ ಕೆಲಸವೇ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಹಳೆಯ ಕಟ್ಟಡಗಳಿಗೆ ಹೋಗಿ, ಇರುವ ಯಂತ್ರಗಳನ್ನೇ ಹದಕ್ಕೆ ತಂದು ಕರೆಂಟು ಉಳಿಸುವುದು ಎಂದು ಒಮ್ಮೆ ಹೇಳಿದ್ದರು. ನೆಂಟರ ಬಾಯಲ್ಲಿ ಅದು ಎ.ಸಿ. ರಿಪೇರಿ. ಅಮ್ಮ ಪಂಕಜಂ ಆ ಹೆಂಗಸನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಕಲೈಸೆಲ್ವಿ ಹೋಗಿ ಪಕ್ಕದಲ್ಲಿ ಕೂತಳು. “ಅಕ್ಕಾ, ಅಪ್ಪ ನಿಮಗೆ ಹೆಂಗೆ ಪಳಕ್ಕಂ, ಹೆಂಗೆ ಗುರುತು?”

“ತಿರುಪ್ಪೂರಲ್ಲಿ ಟೈಲರ್ ನಾನು, ಸುಶೀಲ. ಸಾರ್ ನಮ್ಮ ಕಂಪೆನಿಗೆ ಬಂದಿದ್ರು, ಕಣ್ಣಮ್ಮಾ.”

*

ಆ ಬನಿಯನ್ ಕಂಪೆನಿಯ ಹೊಲಿಗೆ ಹಾಲ್‌ನಲ್ಲಿ ಬಾಗಿಲ ಕಡೆಯ ಹೆಂಗಸರು ಎ.ಸಿ.ಯ ಚಳಿಗೆ ಟವೆಲ್ ಹೊದ್ದು ಹೊಲಿಯುತ್ತಿದ್ದರು. ಹಿಂದಿನ ಮೂಲೆಯವರು ಸೆಕೆಗೆ ತಲೆಸುತ್ತಿ ಬೀಳುತ್ತಿದ್ದರು. ಸುಶೀಲಳೂ ಬಿದ್ದಳು. ನಾಟಕವಾಡುತ್ತಾಳೆ, ಇನ್ನೊಮ್ಮೆ ಬಿದ್ದರೆ ಮನೆಗೇ ಹೋಗಲಿ ಎಂದ ಸೂಪರ್‌ವೈಸರ್. ಇನ್ನೂ ದೊಡ್ಡ ಎ.ಸಿ. ಯಂತ್ರ ತರಿಸುವ ಮುನ್ನ ಒಮ್ಮೆ ನೋಡಲಿ ಎಂದು ಮಾಲೀಕರು ರಾಮಲಿಂಗಂ ಅವರನ್ನು ಕರೆಸಿದರು.

ಬಂದವರು ಯಂತ್ರದ ಹತ್ತಿರ ಹೋಗಲಿಲ್ಲ. ಸೆಕೆಯ ಮೂಲೆಯಲ್ಲೇ ಹೋಗಿ ಕೂತರು. ಸುಶೀಲ ಪಕ್ಕದವಳ ಹತ್ತಿರ ಕನ್ನಡದಲ್ಲಿ ಗೊಣಗಿದ್ದು, ಮನೆಯಲ್ಲಿ ಕನ್ನಡವನ್ನೇ ಆಡುವ ಅವರ ಕಿವಿಗೆ ಬಿತ್ತು.

“ನೀವೂ ನಮ್ಮೋರಾ? ಇಲ್ಲಿ ಯಾವಾಗಿಂದ ಹಿಂಗೆ?”

“ಮುಂಚೆ ಈ ಮೂಲೆ ಗೋಡೌನ್ ಸಾರ್. ಗೋಡೆ ಒಡೆದು ಹೊಲಿಗೆ ಮಿಷಿನ್ ಹಾಕಿದಾಗಿಂದ.”

ಅವರ ಮುಖ ಅರಳಿತು. ಏಣಿ ತರಿಸಿ ತಾವೇ ಹತ್ತಿ ಚಾವಣಿಯ ಹಲಗೆ ಸರಿಸಿದರು. ಗೋಡೌನಿಗೆ ತಂಪು ಯಾಕೆಂದು ಅಂದು ಯಾರೋ ಮುಚ್ಚಿದ್ದ ಗಾಳಿಕೊಳವೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ತೆರೆದು, ಧೂಳು ಮೆತ್ತಿದ ಮುಖದಲ್ಲೇ ಇಳಿದು ಬಂದು ಸುಶೀಲಳ ಮುಂದೆ ನಿಂತರು.

“ಈಗ ಹೇಳಿ?”

ಹೊಸ ಯಂತ್ರ ಬರಲಿಲ್ಲ. ಹಳೆಯದರ ತಂಪನ್ನೇ ತುಸು ತಗ್ಗಿಸಿದರು. ಬಾಗಿಲ ಕಡೆಯವರು ಟವೆಲ್ ಮಡಿಸಿಟ್ಟರು.

*

“ಆಮೇಲೂ ಬರೋರು,” ಸುಶೀಲ ಮೂಗೊರಸಿಕೊಂಡಳು. “ಬಿಸಿಲಲ್ಲಿ ಹೆಂಗಿದೆ, ಮಳೇಲಿ ಹೆಂಗಿದೆ ಅಂತ ಕೇಳೋರು. ನಂದು ನಾಟಕ ಅಲ್ಲ ಅಂತ ನಂಬಿದೋರು ಅವ್ರೊಬ್ರೇ.”

ಪಂಕಜಂ ಆಗ ಮಾತಾಡಿದಳು. “ಮನೇಲೂ ಹಂಗೇ, ಸೆಕೆಯಾ ಚಳಿಯಾ ಅಂತ ಕೇಳೋರು. ಸುಮ್ನಿರಿ ಅಂತಿದ್ದೆ ನಾನು.” ಚಾಪೆಯ ಮೇಲೆ ಸರಿದು ಸುಶೀಲಳಿಗೆ ಜಾಗ ಮಾಡಿಕೊಟ್ಟಳು.

ಮಧ್ಯಾಹ್ನ ಗಂಡಸರು ರಾಮಲಿಂಗಂ ಅವರನ್ನು ಎತ್ತಿಕೊಂಡು ಹೋದರು. ಹೆಂಗಸರು ಕಿಕ್ಕಿರಿದ ಕೋಣೆಯಲ್ಲಿ ಅಮ್ಮ ಬೆವರಿ ತೊಯ್ದಿದ್ದಳು.

“ಸೆಕೆಯಾ ಅಮ್ಮಾ?”

ಪಂಕಜಂ ಈ ಸಲ ಹೌದೆಂದು ತಲೆಯಾಡಿಸಿದಳು.

ಕಲೈಸೆಲ್ವಿ ಕುರ್ಚಿ ಹತ್ತಿ, ಯಾವಾಗಲೋ ಬಣ್ಣ ಮೆತ್ತಿ ಅಂಟಿಹೋಗಿದ್ದ ಮೇಲಿನ ಸಣ್ಣ ಕಿಟಕಿಯನ್ನು ಗುದ್ದಿ ಗುದ್ದಿ ತೆರೆದಳು. ಚಾವಣಿಯಡಿ ದಟ್ಟವಾಗಿ ನಿಂತಿದ್ದ ಊದುಬತ್ತಿಯ ಹೊಗೆ ಒಮ್ಮೆ ಅಲುಗಿ, ನಿಧಾನಕ್ಕೆ ಅತ್ತ ತಿರುಗಿತು.