ಅದೇ ಜಾಗ, ಅದೇ ಮಂದಿ

"ಅಂಚು ಹಿಡಿದು ನೋಡವ್ವಾ, ಬೆರಳು ಊರಬ್ಯಾಡ."

ಅಬ್ದುಲ್ ಕರೀಮ ಹಳೆಯ ಚಿತ್ರವನ್ನು ಚಾಚಿದಾಗ ಸುಗಲಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ನಿಜಾಮರ ಸೀಮೆಯ ಹಳ್ಳಿಗಳು ಹೇಗೆ ಬದಲಾಗುತ್ತಿವೆ ಎಂದು ತಿಳಿಯಲು ಹೈದರಾಬಾದಿನ ಸರ್ಕಾರದವರು ಕಳಿಸಿದ್ದ ಯಾದಗಿರಿಯ ಛಾಯಾಚಿತ್ರಕಾರ ಅವನು. ಕೆಲವು ವರ್ಷಗಳ ಹಿಂದೆ ಸಗರದ ಈ ನೇಕಾರರ ಓಣಿಯ ಚಿತ್ರ ತೆಗೆದಿದ್ದ. ಈಗ ಅದೇ ಮಂದಿಯನ್ನು ಅದೇ ಜಾಗದಲ್ಲಿ ಮತ್ತೆ ನಿಲ್ಲಿಸುತ್ತಿದ್ದ.

"ಏನ್ ಬದಲಾಗ್ಯಾದಂತ ನನ್ನ ಕೇಳ್ರಿ ಸಾಹೇಬ್ರ," ಎಂದಳು ನೆರೆಮನೆಯ ಮಲ್ಲಿಕಮ್ಮ. "ಮಗ್ಗ ಒಲಿಗಿ ಹೋದ್ವು, ಗಂಡಸರು ಹತ್ತಿ ಗಿರಣಿಗಿ ಹೋದ್ರು. ನಿಮ್ಮ ಗಡ್ಡ ಬೆಳ್ಳಗಾಗ್ಯಾದ, ಅದರದೂ ಒಂದು ತೆಗೀರಿ!"

ಸುಗಲಮ್ಮ ನಗಲಿಲ್ಲ. ಆ ಚಿತ್ರ ತೆಗೆದ ದಿನ ಮಗಳು ಭೀಮವ್ವ ಅವಳ ಪಕ್ಕದಲ್ಲೇ ನಿಂತಿದ್ದಳು. ಮರುವರ್ಷ ಪ್ಲೇಗಿನಲ್ಲಿ ಹೋದಳು. ಈಗೀಗ ಆ ಮುಖ ನೆನಪಿನಲ್ಲಿ ಪೂರ್ತಿ ಮೂಡುತ್ತಿರಲಿಲ್ಲ; ಮೂಗು ಸಿಕ್ಕರೆ ಕಣ್ಣು ತಪ್ಪಿಹೋಗುತ್ತಿತ್ತು.

ಚಿತ್ರದಲ್ಲಿ ಓಣಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸುನೂಲು ಬಿಗಿದಿತ್ತು. ಕಟ್ಟೆಯ ಮೇಲೆ ಗಂಡ ಮೌನಪ್ಪ. ಬಾಗಿಲಲ್ಲಿ ತಾನು. ತನ್ನ ಸೆರಗಿನ ಕೆಳಗೆ ಎರಡು ಪುಟ್ಟ ಪಾದ.

ಪಾದ ಅಷ್ಟೇ.

ಅಂದು ಕರೀಮ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಆ ಗಾಜಿನ ಕಣ್ಣಿನ ದೃಷ್ಟಿ ತಾಗೀತೆಂದು ಅವಳೇ ಮಗಳ ಮುಖಕ್ಕೆ ಸೆರಗು ಎಳೆದಿದ್ದಳು. "ಯವ್ವಾ, ನಂಗೇನೂ ಕಾಣವಲ್ದು," ಎಂದು ಹುಡುಗಿ ಒಳಗಿನಿಂದ ಜಗ್ಗಾಡಿದ್ದಳು. ಆ ಜಗ್ಗಾಟದಲ್ಲಿ ಸೆರಗು ಒಂದಿಷ್ಟು ಸರಿದಿದ್ದೀತು, ಅರೆಮುಖವಾದರೂ ಬಿದ್ದಿದ್ದೀತು ಎಂದು ಸುಗಲಮ್ಮ ಇಷ್ಟು ದಿನ ನಂಬಿಕೊಂಡು ಬಂದಿದ್ದಳು.

"ಸಾಹೇಬ್ರ, ಸೆರಗಿನ ಹಿಂದಿಂದು... ನಿಮ್ಮ ಡಬ್ಬ್ಯಾಗ ಏನರ ಉಳಿದಿರ್ತದೇನ್ರಿ?"

ಕರೀಮ ಚಿತ್ರವನ್ನೂ ಅವಳನ್ನೂ ನೋಡಿದ. "ಇಲ್ಲವ್ವಾ. ಎದುರಿಗಿ ಇದ್ದದ್ದಷ್ಟ ಬರ್ತದ."

ಸುಗಲಮ್ಮ ಚಿತ್ರವನ್ನು ಅವನ ಕೈಗೆ ಮರಳಿಸಿದಳು.

"ಬ್ಯಾಡಂದ್ರ ಬಿಡು," ಎಂದ ಅವನು, ಮೆಲ್ಲಗೆ.

"ಇಲ್ರಿ. ತೆಗೀರಿ."

ಓಣಿಯಲ್ಲಿ ಈಗ ಹಾಸುನೂಲು ಇರಲಿಲ್ಲ. ಗಿರಣಿಗೆ ಹೋದ ಮೌನಪ್ಪನ ಕಟ್ಟೆಯ ಮೇಲೆ ಕೋಳಿಯೊಂದು ಮಲಗಿತ್ತು. ಸುಗಲಮ್ಮ ಬಾಗಿಲಿಗೆ ಹೋಗಿ, ಅಂದಿನ ಹಾಗೆಯೇ ಭೀಮವ್ವ ನಿಂತಿದ್ದ ಮಗ್ಗುಲಿಗೆ ಜಾಗ ಬಿಟ್ಟು ನಿಂತಳು.

"ಅಲ್ಲಾಡಬ್ಯಾಡ ಮತ್ತ," ಕರಿಬಟ್ಟೆಯೊಳಗಿಂದ ದನಿ ಬಂತು.

ಅವಳು ಅಲ್ಲಾಡಲಿಲ್ಲ. ಸೆರಗಿನ ತುದಿಯನ್ನು ಮಾತ್ರ ಸೊಂಟದೆತ್ತರದಲ್ಲಿ ಪಕ್ಕಕ್ಕೆ ಎತ್ತಿ ಹಿಡಿದಿದ್ದಳು, ಅದರಡಿ ಬಿಸಿಲು ಚೆನ್ನಾಗಿ ಬೀಳುವ ಹಾಗೆ.